ಸಹಿ ಹಾಕುವ ಕೈಗೆ ಧೈರ್ಯ ಕೊಡುವ ಪ್ರಸ್ತಾವನೆ: ಸಮಸ್ಯೆಯಿಂದ ಮಂಜೂರಾತಿಯವರೆಗೆ

ಸಮಸ್ಯೆ ಎಲ್ಲರಿಗೂ ಗೊತ್ತಿರುತ್ತದೆ. ಪರಿಹಾರವೂ ಹಲವರ ಬಾಯಲ್ಲಿರುತ್ತದೆ. ಆದರೂ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಏಕೆಂದು ಕೆದಕಿ ನೋಡಿದರೆ ಬಹಳ ಸಲ ಸಿಗುವ ಉತ್ತರ ಇಷ್ಟೇ: ಒಬ್ಬರು ಓದಿ ಸಹಿ ಹಾಕಬಹುದಾದ ರೂಪದಲ್ಲಿ ಅದನ್ನು ಯಾರೂ ಬರೆದು ಕೊಟ್ಟಿಲ್ಲ. ಬರೆದವರಲ್ಲಿ ಅರ್ಧ ಜನ ದೂರು ಬರೆದಿದ್ದಾರೆ, ಉಳಿದರ್ಧ ಜನ ಕನಸು ಬರೆದಿದ್ದಾರೆ.

ಪ್ರಸ್ತಾವನೆ ಎಂದರೆ ಒಬ್ಬ ವ್ಯಕ್ತಿಯ ಮುಂದೆ ಒಂದು ನಿರ್ಧಾರವನ್ನು ಇಡುವ ಬರಹ. ಆ ವ್ಯಕ್ತಿ "ಆಗಲಿ" ಎಂದ ಕ್ಷಣದಿಂದ ಅದರ ಹೊಣೆ ಅವರ ಹೆಗಲೇರುತ್ತದೆ. ನಾಳೆ ಅವರ ಮೇಲಿನವರೋ ಲೆಕ್ಕ ನೋಡುವವರೋ ಬಂದು "ಇದಕ್ಕೆ ಯಾಕೆ ಒಪ್ಪಿದಿರಿ?" ಎಂದು ಕೇಳುತ್ತಾರೆ. ಆಗ ಆ ಕೋಣೆಯಲ್ಲಿ ನೀವಿರುವುದಿಲ್ಲ, ನಿಮ್ಮ ಕಾಗದವಷ್ಟೇ ಇರುತ್ತದೆ. ಹಾಗಾಗಿ ಬರೆಯುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ "ಇವರನ್ನು ಹೇಗೆ ಒಪ್ಪಿಸಲಿ?" ಎಂಬುದಕ್ಕಿಂತ ಒಂದು ಹೆಜ್ಜೆ ಮುಂದಿನದು: ಒಪ್ಪಿದ ಮೇಲೆ ಇವರು ಮತ್ತೊಬ್ಬರಿಗೆ ಏನೆಂದು ಉತ್ತರ ಕೊಡುತ್ತಾರೆ? ಆ ಉತ್ತರವನ್ನು ಅವರ ಕೈಗಿಡುವುದೇ ನಮ್ಮ ಕೆಲಸ.

ಒಂದೇ ಉದಾಹರಣೆಯನ್ನು ಕೊನೆಯವರೆಗೂ ಜೊತೆಗಿಟ್ಟುಕೊಳ್ಳೋಣ. ಒಂದು ಸಂಸ್ಥೆ. ಅಲ್ಲಿ ಎರಡು ಕೌಂಟರುಗಳಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆ. ಬಂದ ಅರ್ಜಿಗಳಲ್ಲಿ ಬಹಳಷ್ಟು "ಅಪೂರ್ಣ" ಎಂಬ ಷರಾದೊಂದಿಗೆ ವಾಪಸು ಹೋಗುತ್ತವೆ. ಅರ್ಜಿದಾರರಿಗೆ ಸಿಟ್ಟು, ಸಿಬ್ಬಂದಿಗೆ ಎರಡು ಪಟ್ಟು ಕೆಲಸ. ಸಂಸ್ಥೆ ಕಲ್ಪಿತ, ಮುಂದೆ ಬರುವ ಅದರ ಅಂಕಿಗಳೂ ಕಲ್ಪಿತವೇ. ಆದರೆ ಇಂಥ ಕೌಂಟರಿನ ಮುಂದೆ ಒಮ್ಮೆಯೂ ನಿಲ್ಲದವರು ವಿರಳ.

ಮೊದಲ ಹಂತ: ಓದುವವರು ಯಾರು ಎಂದು ಪತ್ತೆ ಮಾಡಿ

ಕಾಗದ ಯಾರ ಹೆಸರಿಗೆ ಹೋಗುತ್ತದೆಯೋ ಅವರೇ ನಿರ್ಧರಿಸುತ್ತಾರೆ ಎಂದುಕೊಳ್ಳಬೇಡಿ. ಹಣ ಯಾರ ಕೈಯಲ್ಲಿದೆ, ಕೆಲಸ ಮಾಡಬೇಕಾದವರು ಯಾರು, "ಬೇಡ" ಎಂದು ತಡೆಯಬಲ್ಲವರು ಯಾರು, ಈ ಮೂರನ್ನೂ ಬರೆದಿಟ್ಟುಕೊಳ್ಳಿ. ಮೂರಕ್ಕೂ ಒಂದೇ ಹೆಸರು ಬರುವುದು ಅಪರೂಪ. ನಮ್ಮ ಉದಾಹರಣೆಯಲ್ಲಿ ಅನುಮತಿ ಕೊಡುವವರು ವಿಭಾಗದ ಮುಖ್ಯಸ್ಥರು. ಕೆಲಸ ಬದಲಾಗುವುದು ಕೌಂಟರಿನ ಇಬ್ಬರದು. ಆದರೆ ಅರ್ಜಿ ನಮೂನೆಯನ್ನು ಮುದ್ರಿಸಿಡುವ ವಿಭಾಗ ಬೇರೆ ಇದೆ, ಅವರು ಮುಖ ಸಿಂಡರಿಸಿದರೆ ಎಲ್ಲವೂ ನಿಂತಲ್ಲೇ ನಿಲ್ಲುತ್ತದೆ.

ಓದುವವರಿಗೆ ಈಗ ಯಾವ ಚಿಂತೆ ಕಾಡುತ್ತಿದೆ ಎಂಬುದನ್ನೂ ತಿಳಿದುಕೊಳ್ಳಿ. ನಿಮ್ಮ ಸಮಸ್ಯೆ ಅವರ ಚಿಂತೆಯನ್ನು ಎಲ್ಲಿ ಮುಟ್ಟುತ್ತದೆಯೋ ಪ್ರಸ್ತಾವನೆಯ ಬಾಗಿಲು ಅಲ್ಲಿಯೇ ಇದೆ. ಇದಕ್ಕೆ ನನಗೆ ಬಹಳ ಇಷ್ಟವಾದ ನಿದರ್ಶನವೊಂದಿದೆ. 1989ರ ಮಾರ್ಚ್‌ನಲ್ಲಿ ಸರ್ನ್ ಭೌತವಿಜ್ಞಾನ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ತಮ್ಮ ಮೇಲಧಿಕಾರಿಗೆ ಒಂದು ಪ್ರಸ್ತಾವನೆ ಕೊಟ್ಟರು. ಮುಂದೆ ವರ್ಲ್ಡ್ ವೈಡ್ ವೆಬ್ ಆಗಿ ಬೆಳೆದ ಕಲ್ಪನೆಯ ಬೀಜ ಅದರಲ್ಲಿತ್ತು. ಜಗತ್ತನ್ನೇ ಬದಲಿಸುತ್ತೇನೆಂಬ ಮಾತನ್ನು ಅದರಲ್ಲಿ ಹುಡುಕಿದರೂ ಸಿಗದು. ಅವರು ಹಿಡಿದದ್ದು ಆ ಸಂಸ್ಥೆಯವರಿಗೆ ದಿನವೂ ತಾಗುತ್ತಿದ್ದ ಮುಳ್ಳನ್ನು: ಇಲ್ಲಿಗೆ ಬರುವವರು ಸಾಮಾನ್ಯವಾಗಿ ಎರಡು ವರ್ಷ ಇದ್ದು ಹೋಗುತ್ತಾರೆ, ಅವರೊಂದಿಗೆ ಮಾಹಿತಿಯೂ ಕಳೆದುಹೋಗುತ್ತಿದೆ. ಕೇಳಿದ್ದಾದರೂ ಎಷ್ಟು? ಮೊದಲ ಹಂತಕ್ಕೆ ಇಬ್ಬರು ಜನ, ಆರರಿಂದ ಹನ್ನೆರಡು ತಿಂಗಳು. ಮೇಲಧಿಕಾರಿ ಮೈಕ್ ಸೆಂಡಾಲ್ ಅದರ ಮೇಲೆ ಬರೆದ ಷರಾ ಈಗ ಪ್ರಸಿದ್ಧ: "ಅಸ್ಪಷ್ಟ, ಆದರೆ ರೋಮಾಂಚಕಾರಿ." ಆ "ಅಸ್ಪಷ್ಟ" ಎಂಬ ಪದದ ಕಡೆಗೂ ಗಮನವಿರಲಿ, ಆ ಕಥೆಗೆ ಕೊನೆಯಲ್ಲಿ ಮರಳುತ್ತೇನೆ.

ಎರಡನೆಯ ಹಂತ: ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಹೇಳಿ

ಯಾರಿಗೆ, ಏನು, ಎಷ್ಟು, ಎಂದಿನಿಂದ. ಈ ನಾಲ್ಕು ಒಂದೇ ವಾಕ್ಯದಲ್ಲಿ ಕೂರಬೇಕು. ಕೂರದಿದ್ದರೆ ನೀವಿನ್ನೂ ಎರಡು ಮೂರು ಸಮಸ್ಯೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ ಎಂದರ್ಥ.

"ನಮ್ಮಲ್ಲಿ ಅರ್ಜಿ ವ್ಯವಸ್ಥೆ ಸಂಪೂರ್ಣ ಹದಗೆಟ್ಟಿದೆ" ಎಂಬುದು ಗೊಣಗಾಟ. "ಕೌಂಟರಿನಲ್ಲಿ ಒಬ್ಬ ಸಿಬ್ಬಂದಿಯ ಕೊರತೆ ಇದೆ" ಎಂಬುದು ಇನ್ನೂ ಅಪಾಯಕಾರಿ. ಅದು ಸಮಸ್ಯೆಯ ವೇಷ ಹಾಕಿಕೊಂಡ ಪರಿಹಾರ. ಕೊರತೆ ಎಂಬ ಪದ ಬಂದಲ್ಲೆಲ್ಲ ನಾನು ನಿಂತು ನೋಡುತ್ತೇನೆ: ಬರೆದವರು ಉತ್ತರವನ್ನು ಮೊದಲೇ ತೀರ್ಮಾನಿಸಿ ಪ್ರಶ್ನೆಯನ್ನು ಆಮೇಲೆ ಹೊಲಿದಿರುತ್ತಾರೆ. "ಕಳೆದ ನಾಲ್ಕು ವಾರಗಳಲ್ಲಿ ಬಂದ 400 ಅರ್ಜಿಗಳಲ್ಲಿ 120 ಅಪೂರ್ಣವೆಂದು ವಾಪಸು ಹೋಗಿವೆ" ಎಂಬುದು ಸಮಸ್ಯೆ. ಇದರ ಜೊತೆ ಯಾರೂ ಜಗಳವಾಡಲಾರರು.

ಮೂರನೆಯ ಹಂತ: ಎಣಿಸಿ, ತೊಂದರೆ ಆಗದಿದ್ದುದನ್ನೂ ಎಣಿಸಿ

ಈ ಹಂತಕ್ಕೆ ಹೆಚ್ಚು ಹೊತ್ತು ಕೊಡಿ. ಚೆನ್ನಾಗಿ ಬರೆದ ಪ್ರಸ್ತಾವನೆಗಳು ಕೂಡ ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿಯೇ.

ಎಣಿಕೆಗೆ ದೊಡ್ಡ ಸಮೀಕ್ಷೆ ಬೇಕಿಲ್ಲ. ವಾಪಸಾದ 120 ಅರ್ಜಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕಾರಣದ ಪ್ರಕಾರ ಗುಡ್ಡೆ ಹಾಕಿದರೆ ಸಾಕು. ಹಾಕಿದಾಗ ಸಿಕ್ಕಿದ್ದು ಇದು: 74 ಅರ್ಜಿಗಳಲ್ಲಿ ಸಹಿಯೇ ಇಲ್ಲ. 28ರಲ್ಲಿ ಲಗತ್ತಿಸಿದ ನಕಲು ಹಳೆಯದು. ಉಳಿದ 18ಕ್ಕೆ ಚಿಲ್ಲರೆ ಕಾರಣಗಳು. ಒಂದು ಅರ್ಜಿ ವಾಪಸು ಕಳಿಸಿ, ಪತ್ರ ಬರೆದು, ಮತ್ತೆ ಬಂದಾಗ ಮರುಪರಿಶೀಲಿಸಲು ಇಪ್ಪತ್ತು ನಿಮಿಷ ಬೇಕು ಎಂದಿಟ್ಟುಕೊಳ್ಳಿ. 120 ಅರ್ಜಿಗೆ 2,400 ನಿಮಿಷ, ಅಂದರೆ 40 ಗಂಟೆ. ನಾಲ್ಕು ವಾರಕ್ಕೊಮ್ಮೆ ಒಬ್ಬರ ಒಂದು ಇಡೀ ವಾರದ ದುಡಿಮೆ ಇದರಲ್ಲಿ ಕರಗುತ್ತಿದೆ. "ಸಿಬ್ಬಂದಿಯ ಸಮಯ ವ್ಯರ್ಥವಾಗುತ್ತಿದೆ" ಎಂದು ಹತ್ತು ಸಲ ಬರೆದರೂ ಈ ಒಂದು ಲೆಕ್ಕದ ತೂಕ ಬಾರದು.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ನೀವು ಇನ್ನೊಂದು ಕೆಲಸ ಮಾಡಿ: ವಾಪಸಾಗದ 280 ಅರ್ಜಿಗಳನ್ನೂ ತೆಗೆದು ನೋಡಿ.

ಏಕೆಂದು ಹೇಳುತ್ತೇನೆ. 1986ರ ಜನವರಿ 28ರಂದು ಚಾಲೆಂಜರ್ ಗಗನನೌಕೆ ಆಕಾಶದಲ್ಲಿ ಛಿದ್ರವಾಗಿ ಅದರಲ್ಲಿದ್ದ ಏಳು ಮಂದಿಯೂ ಸತ್ತರು. ಹಿಂದಿನ ರಾತ್ರಿಯೇ ಎಂಜಿನಿಯರುಗಳು, ಚಳಿ ಹೆಚ್ಚಿರುವುದರಿಂದ ಬೂಸ್ಟರ್ ರಾಕೆಟ್ಟಿನ ಕೀಲುಗಳಲ್ಲಿರುವ ರಬ್ಬರ್ ಉಂಗುರಗಳು ಕೈಕೊಡಬಹುದು, ಉಡಾವಣೆ ಬೇಡ ಎಂದು ವಾದಿಸಿದ್ದರು. ಒಪ್ಪಿಸಲು ಆಗಲಿಲ್ಲ. ಆಮೇಲೆ ತನಿಖೆ ನಡೆಸಿದ ರಾಜರ್ಸ್ ಆಯೋಗ ಒಂದು ಸಂಗತಿಯನ್ನು ಎತ್ತಿ ತೋರಿಸಿತು. ಉಂಗುರಗಳಿಗೆ ಹಾನಿಯಾಗಿದ್ದ ಹಾರಾಟಗಳನ್ನು ಮಾತ್ರ ನೋಡಿದರೆ ತಾಪಮಾನಕ್ಕೂ ಹಾನಿಗೂ ಸಂಬಂಧವೇ ಇಲ್ಲದಂತೆ ಕಾಣುತ್ತಿತ್ತು. ಹಾನಿಯಾಗದ ಹಾರಾಟಗಳನ್ನೂ ಪಕ್ಕದಲ್ಲಿಟ್ಟ ಕೂಡಲೇ ಚಿತ್ರ ಬದಲಾಯಿತು. ಸುಮಾರು 19 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಬೆಚ್ಚಗಿದ್ದಾಗ ನಡೆದ 20 ಹಾರಾಟಗಳಲ್ಲಿ ತೊಂದರೆ ಕಂಡದ್ದು ಮೂರರಲ್ಲಿ ಮಾತ್ರ. ಸುಮಾರು 17 ಡಿಗ್ರಿ ಮತ್ತು ಅದಕ್ಕಿಂತ ತಣ್ಣಗಿದ್ದಾಗ ನಡೆದ ನಾಲ್ಕರಲ್ಲಿ ನಾಲ್ಕರಲ್ಲೂ ತೊಂದರೆ. ಎಂಜಿನಿಯರುಗಳ ಮಾತು ಸರಿಯಾಗಿಯೇ ಇತ್ತು, ಅದನ್ನು ಸಾಧಿಸಿ ತೋರಿಸುವ ಅಂಕಿಗಳು ಕಡತದಲ್ಲಿಯೇ ಇದ್ದವು. ಅವು ಒಂದೇ ಹಾಳೆಯ ಮೇಲೆ ಬಂದಿರಲಿಲ್ಲ.

ನಮ್ಮ ಸಣ್ಣ ಉದಾಹರಣೆಗೆ ಮರಳೋಣ. ಒಳ್ಳೆಯ ಅರ್ಜಿಗಳನ್ನೂ ಸೇರಿಸಿ ನೋಡಿದಾಗ ಎರಡೂ ಕೌಂಟರುಗಳಿಗೆ ತಲಾ 200 ಅರ್ಜಿ ಬಂದಿರುವುದು ತಿಳಿಯಿತು. ಒಂದನೆಯ ಕೌಂಟರಿನಿಂದ ವಾಪಸಾದವು 95. ಎರಡನೆಯದರಿಂದ 25. ಸಹಿ ಇಲ್ಲದ 74 ಅರ್ಜಿಗಳಲ್ಲಿ 70 ಒಂದನೆಯ ಕೌಂಟರಿನವು. ಹೋಗಿ ಅರ್ಧ ಗಂಟೆ ನಿಂತು ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಎರಡನೆಯ ಕೌಂಟರಿನಲ್ಲಿ ಕುಳಿತವರು ಅರ್ಜಿ ಕೈಗೆ ಬಂದ ಕೂಡಲೇ ಹಾಳೆಯನ್ನು ತಿರುವಿ ಹಿಂಬದಿ ನೋಡುತ್ತಾರೆ. ಸಹಿ ಇಲ್ಲದಿದ್ದರೆ ಪೆನ್ನನ್ನು ಮುಂದೆ ಚಾಚುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಅವರ ಅಭ್ಯಾಸ. ಇಷ್ಟು ದಿನ ನಾವು ಹುಡುಕುತ್ತಿದ್ದ ಪರಿಹಾರ ಅದೇ ಕೋಣೆಯಲ್ಲಿ, ಹತ್ತು ಹೆಜ್ಜೆ ಆಚೆ, ಸದ್ದಿಲ್ಲದೆ ನಡೆಯುತ್ತಿತ್ತು. ಹಾಳಾದ ಅರ್ಜಿಗಳನ್ನಷ್ಟೇ ಗುಡ್ಡೆ ಹಾಕಿದ್ದರೆ ಅದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ನಾಲ್ಕನೆಯ ಹಂತ: ಬೇರಿನವರೆಗೆ ಅಗೆಯಿರಿ, ಪಾತಾಳದವರೆಗೆ ಬೇಡ

"ಏಕೆ?" ಎಂದು ಐದು ಸಲ ಕೇಳಿಕೊಳ್ಳುವ ಪದ್ಧತಿ ಟೊಯೊಟಾ ಕಾರ್ಖಾನೆಯಿಂದ ಬಂದದ್ದು. ಅಲ್ಲಿನ ಉತ್ಪಾದನಾ ಪದ್ಧತಿಯನ್ನು ರೂಪಿಸಿದ ತೈಯಿಚಿ ಓನೊ ಇದನ್ನು ಪ್ರಚಾರಕ್ಕೆ ತಂದರು. ಐದು ಎಂಬುದು ಮಂತ್ರಸಂಖ್ಯೆಯಲ್ಲ. ನೀವು ಬದಲಿಸಬಲ್ಲ ಕಾರಣ ಸಿಕ್ಕಿದಲ್ಲಿ ನಿಲ್ಲಬೇಕು.

ಅರ್ಜಿ ಏಕೆ ವಾಪಸಾಯಿತು? ಸಹಿ ಇರಲಿಲ್ಲ. ಏಕೆ ಇರಲಿಲ್ಲ? ಸಹಿಯ ಜಾಗ ಹಿಂಬದಿಯಲ್ಲಿದೆ, ಜನ ಹಾಳೆ ತಿರುವುವುದಿಲ್ಲ. ಹಿಂಬದಿಗೆ ಏಕೆ ಹೋಯಿತು? ನಮೂನೆಗೆ ಹೊಸ ಪ್ರಶ್ನೆಗಳು ಸೇರಿದಾಗ ಮುಂಬದಿಯಲ್ಲಿ ಜಾಗ ಸಾಲಲಿಲ್ಲ. ಇಷ್ಟು ದಿನ ಯಾರ ಗಮನಕ್ಕೂ ಏಕೆ ಬರಲಿಲ್ಲ? ವಾಪಸಾದ ಅರ್ಜಿಗಳ ಕಾರಣವನ್ನು ಯಾರೂ ಲೆಕ್ಕ ಇಡುವುದಿಲ್ಲ. ಇಲ್ಲಿಗೆ ಸಾಕು. ಇನ್ನೊಂದು "ಏಕೆ" ಕೇಳಿದರೆ ಮನುಷ್ಯಸ್ವಭಾವದ ಮೇಲೆ ಪ್ರವಚನ ಆರಂಭವಾಗುತ್ತದೆ. ಅದಕ್ಕೆ ಮಂಜೂರಾತಿ ಕೊಡುವ ಅಧಿಕಾರಿ ಎಲ್ಲಿಯೂ ಇಲ್ಲ.

ಹೆಚ್ಚುವರಿ ಸಿಬ್ಬಂದಿ ಬೇಕು ಎಂದು ಹೊರಟಿದ್ದವರು ಈಗ ಎಲ್ಲಿಗೆ ಬಂದು ನಿಂತಿದ್ದೇವೆ, ಗಮನಿಸಿ.

ಐದನೆಯ ಹಂತ: ಬೇರೆ ದಾರಿಗಳನ್ನೂ ಮುಂದಿಡಿ

ಒಂದೇ ಪರಿಹಾರ ಇಟ್ಟರೆ ಓದುವವರ ಮುಂದೆ ಇರುವುದು "ಹೌದು" ಅಥವಾ "ಇಲ್ಲ". ಮೂರು ನಾಲ್ಕು ದಾರಿ ಇಟ್ಟು, ಯಾವುದು ಏಕೆ ಮೇಲು ಎಂದು ತೋರಿಸಿದರೆ ಅವರು ಆಯ್ಕೆ ಮಾಡುವವರ ಸ್ಥಾನದಲ್ಲಿ ಕೂರುತ್ತಾರೆ. ನಾಳೆ "ಬೇರೆ ಏನೂ ಹೊಳೆಯಲಿಲ್ಲವೇ?" ಎಂದು ಯಾರಾದರೂ ಕೇಳಿದರೆ ಅವರ ಬಳಿ ಉತ್ತರವೂ ಇರುತ್ತದೆ.

"ಇದ್ದಂತೆಯೇ ಬಿಡುವುದು" ಎಂಬ ದಾರಿಯನ್ನು ಮೊದಲು ಬರೆಯಿರಿ. ಏನೂ ಮಾಡದಿರುವುದು ಪುಕ್ಕಟೆ ಎಂದು ಎಲ್ಲರೂ ಒಳಗೊಳಗೇ ನಂಬಿರುತ್ತಾರೆ. ಅದಕ್ಕೂ ಬೆಲೆ ಇದೆ: ನಾಲ್ಕು ವಾರಕ್ಕೆ 40 ಗಂಟೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಾಸ್ ಟ್ವೆರ್‌ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತದ ಒಂದು ತಿರುಳು, ಸಮಾನ ಮೊತ್ತದ ಲಾಭಕ್ಕಿಂತ ನಷ್ಟವೇ ಮನುಷ್ಯನಿಗೆ ಹೆಚ್ಚು ಚುರುಕಾಗಿ ತಾಗುತ್ತದೆ ಎಂಬುದು. "ಇಷ್ಟು ಉಳಿಯುತ್ತದೆ" ಎನ್ನುವುದಕ್ಕಿಂತ "ಪ್ರತಿ ತಿಂಗಳೂ ಇಷ್ಟು ಸೋರಿಹೋಗುತ್ತಿದೆ" ಎಂಬ ವಾಕ್ಯ ಹೆಚ್ಚು ಕೆಲಸ ಮಾಡುವುದು ಇದಕ್ಕೇ. ಆದರೆ ಹೆದರಿಸಲು ಹೋಗಬೇಡಿ. ಸೋರಿಕೆ ನಿಜವಾಗಿ ಎಷ್ಟಿದೆಯೋ ಅಷ್ಟೇ ಹೇಳಿ.

ನಂತರದ ದಾರಿಗಳು: ಒಬ್ಬ ಸಿಬ್ಬಂದಿಯನ್ನು ಹೆಚ್ಚಿಸುವುದು, ಅರ್ಜಿಯನ್ನು ಆನ್‌ಲೈನ್ ಮಾಡುವುದು, ಸಹಿಯ ಜಾಗವನ್ನು ಮುಂಬದಿಗೆ ತಂದು ಕೌಂಟರಿನಲ್ಲಿಯೇ ನೋಡುವುದು. ಒಂದೊಂದಕ್ಕೂ ಮೂರು ನಾಲ್ಕು ಸಾಲು ಸಾಕು. ನಿಮಗೆ ಇಷ್ಟವಿಲ್ಲದ ದಾರಿಯನ್ನು ಹುಲ್ಲಿನ ಬೊಂಬೆಯಂತೆ ನಿಲ್ಲಿಸಿ ಹೊಡೆಯಬೇಡಿ, ಓದುವವರಲ್ಲಿ ಒಬ್ಬರಿಗೆ ಅದೇ ಮೆಚ್ಚಿನದಾಗಿರಬಹುದು. ಆನ್‌ಲೈನ್ ಪದ್ಧತಿಯಲ್ಲಿ ಸಹಿ ಬಿಟ್ಟರೆ ಅರ್ಜಿ ಮುಂದೆ ಹೋಗದಂತೆ ಮಾಡಬಹುದು, ಅದು ದೊಡ್ಡ ಅನುಕೂಲ ಎಂದು ಒಪ್ಪಿಕೊಳ್ಳಿ. ಅದು ಸಿದ್ಧವಾಗಲು ಹೆಚ್ಚು ಕಾಲ ಬೇಕು, ಅಲ್ಲಿಯವರೆಗೆ ಈ ಸಣ್ಣ ಬದಲಾವಣೆ ಸಾಗಲಿ ಎಂದು ಬರೆದರೆ ಎದುರಾಳಿಯಾಗಬಹುದಾಗಿದ್ದವರು ನಿಮ್ಮ ಜೊತೆ ನಿಲ್ಲುತ್ತಾರೆ.

ಆರನೆಯ ಹಂತ: ಖರ್ಚು, ಕಾಲ, ಹೊಣೆ

ಅಂದಾಜು ಯಾವಾಗಲೂ ಕಡಿಮೆಯಾಗಿಯೇ ಹುಟ್ಟುತ್ತದೆ. ಸಿಡ್ನಿ ಒಪೆರಾ ಹೌಸ್ 1963ಕ್ಕೆ, 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ವೆಚ್ಚದಲ್ಲಿ ಮುಗಿಯಬೇಕಿತ್ತು. ಮುಗಿದದ್ದು 1973ರಲ್ಲಿ, 10 ಕೋಟಿ 20 ಲಕ್ಷ ಡಾಲರಿಗೆ. ನಮ್ಮ ಕೆಲಸ ಅಷ್ಟು ದೊಡ್ಡದಲ್ಲ, ಆದರೆ ತಪ್ಪಿನ ಜಾತಿ ಒಂದೇ. ಇದಕ್ಕೆ ಮದ್ದು, ನಿಮ್ಮ ಯೋಜನೆಯನ್ನು ಒಳಗಿನಿಂದ ಲೆಕ್ಕ ಹಾಕುವುದರ ಜೊತೆಗೆ ಇಂಥದೇ ಹಿಂದಿನ ಕೆಲಸಗಳು ನಿಜವಾಗಿ ಎಷ್ಟು ದಿನ, ಎಷ್ಟು ಹಣ ತಿಂದವು ಎಂದು ಕೇಳುವುದು. ಕಳೆದ ಬಾರಿ ನಮೂನೆ ಬದಲಿಸಿದಾಗ ಅಚ್ಚಾಗಿ ಬರಲು ಎರಡು ತಿಂಗಳಾಗಿತ್ತು ಎಂದಾದರೆ, ಈ ಸಲ ಎರಡು ವಾರದಲ್ಲಿ ಆಗುತ್ತದೆ ಎಂದು ಬರೆಯಲು ನಿಮಗೆ ಯಾವ ವಿಶೇಷ ಕಾರಣವಿದೆ?

ಪ್ರತಿ ಕೆಲಸದ ಮುಂದೆ ಒಬ್ಬರ ಹುದ್ದೆ ಮತ್ತು ಒಂದು ದಿನಾಂಕ ಇರಲಿ. "ಸಂಬಂಧಪಟ್ಟವರು ಕ್ರಮ ಕೈಗೊಳ್ಳುವುದು" ಎಂದು ಬರೆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂಬುದು ಕೊನೆಯವರೆಗೂ ತೀರ್ಮಾನವಾಗುವುದಿಲ್ಲ. ಫಲ ಬಂದಿತೋ ಇಲ್ಲವೋ ಅಳೆಯುವ ಕೋಲನ್ನೂ ಈಗಲೇ ನೆಡಿ. ಸಹಿಯ ಸಮಸ್ಯೆ ಪೂರ್ತಿ ಹೋದರೆ 400ರಲ್ಲಿ 46 ಮಾತ್ರ ವಾಪಸಾಗಬೇಕು, ಅಂದರೆ ಶೇಕಡಾ 11.5. ನೀವು "ಶೇಕಡಾ 15ಕ್ಕಿಂತ ಕಡಿಮೆ" ಎಂದು ಬರೆಯಿರಿ. ಹೇಳಿದ್ದಕ್ಕಿಂತ ಒಳ್ಳೆಯದಾದರೆ ಯಾರೂ ಬೈಯುವುದಿಲ್ಲ.

ಏಳನೆಯ ಹಂತ: ಆಕ್ಷೇಪಣೆ, ಮತ್ತು ಇನ್ನೊಬ್ಬರ ಮಾನ

ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರ ಲೇಖನವೊಂದರಲ್ಲಿ ವಿವರಿಸಿದ ಒಂದು ಅಭ್ಯಾಸವಿದೆ. ಯೋಜನೆ ಆರಂಭಿಸುವ ಮೊದಲೇ, ಅದು ಸತ್ತುಹೋಗಿದೆ ಎಂದುಕೊಂಡು, ಏಕೆ ಸತ್ತಿತು ಎಂದು ಬರೆಯುವುದು. ಜೀವಂತವಿರುವಾಗಲೇ ಮರಣೋತ್ತರ ಪರೀಕ್ಷೆ! ಇಬ್ಬರು ಸಹೋದ್ಯೋಗಿಗಳನ್ನು ಕೂರಿಸಿಕೊಂಡು ಹತ್ತು ನಿಮಿಷ ಇದನ್ನು ಮಾಡಿ. "ಏನಾದರೂ ತೊಂದರೆ ಆಗಬಹುದೇ?" ಎಂದು ಕೇಳಿದರೆ ಸಂಕೋಚದಿಂದ ಸುಮ್ಮನಿರುವವರು, "ಆರು ತಿಂಗಳಾಗಿದೆ, ಯೋಜನೆ ನೆಲಕಚ್ಚಿದೆ, ಕಾರಣ ಹೇಳಿ" ಎಂದರೆ ಬಾಯಿ ಬಿಡುತ್ತಾರೆ.

ನಮ್ಮ ಉದಾಹರಣೆಯಲ್ಲಿ ಮೊದಲ ಉತ್ತರವೇ ಹೀಗೆ ಬಂತು ಎಂದುಕೊಳ್ಳಿ: "ಬೀರು ತುಂಬ ಹಳೆಯ ನಮೂನೆಗಳಿವೆ. ಅವನ್ನು ಎಸೆಯಲು ಯಾರೂ ಬಿಡಲಿಲ್ಲ." ಎಷ್ಟು ಸಾಚಾ ಆಕ್ಷೇಪಣೆ! ಅದಕ್ಕೆ ಉತ್ತರ ಹುಡುಕುವಾಗ ಪ್ರಸ್ತಾವನೆಯೇ ಸುಧಾರಿಸಿತು. ಹಳೆಯ ನಮೂನೆಯ ಮುಂಬದಿಯ ಮೇಲೆ "ಹಿಂಬದಿಯಲ್ಲಿ ಸಹಿ ಮಾಡಿ" ಎಂಬ ರಬ್ಬರ್ ಮೊಹರು ಒತ್ತಿದರೆ ಸಾಕು. ಇರುವ ದಾಸ್ತಾನು ಖರ್ಚಾಗುತ್ತದೆ. ಅಷ್ಟೇ ಅಲ್ಲ, ಹೊಸ ಮುದ್ರಣಕ್ಕೆ ಒಂದು ಕಾಸು ಖರ್ಚು ಮಾಡುವ ಮೊದಲೇ ಒಂದನೆಯ ಕೌಂಟರಿನಲ್ಲಿ ಎರಡು ವಾರ ಪ್ರಯೋಗ ನಡೆಸಿ ನೋಡಬಹುದು. ಆಕ್ಷೇಪಣೆ ಇಂಥ ಉಪಕಾರ ಮಾಡುವುದು ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚು. ಕೆಲವಕ್ಕೆ ಉತ್ತರ ಇರುವುದಿಲ್ಲ. ಅವನ್ನು "ಈ ಕ್ರಮದಿಂದ ಹಳೆಯ ನಕಲುಗಳ ಸಮಸ್ಯೆ ಬಗೆಹರಿಯುವುದಿಲ್ಲ" ಎಂದು ನೇರವಾಗಿ ಬರೆಯಿರಿ. ಮಿತಿಯನ್ನು ತಾವೇ ಹೇಳಿದವರ ಉಳಿದ ಮಾತನ್ನು ಜನ ನಂಬುತ್ತಾರೆ.

ಇನ್ನೊಂದು ಬಗೆಯ ಆಕ್ಷೇಪಣೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದೇ ಹೆಚ್ಚು ಕೊಲ್ಲುತ್ತದೆ. ಸಹಿಯ ಜಾಗವನ್ನು ಹಿಂಬದಿಗೆ ಹಾಕಿದವರೇ ಇಂದು ನಿಮ್ಮ ಪ್ರಸ್ತಾವನೆಯನ್ನು ಓದುತ್ತಿರಬಹುದು.

ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಅವರ ಕಥೆ ಇಲ್ಲಿ ನೆನಪಾಗುತ್ತದೆ. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ವೈದ್ಯರು ಮತ್ತು ವೈದ್ಯವಿದ್ಯಾರ್ಥಿಗಳಿದ್ದ ಮೊದಲನೆಯದರಲ್ಲಿ ಬಾಣಂತಿಯರು ಸಾಯುತ್ತಿದ್ದ ಪ್ರಮಾಣ, ಸೂಲಗಿತ್ತಿಯರಿದ್ದ ಎರಡನೆಯದಕ್ಕಿಂತ ಬಹಳ ಹೆಚ್ಚಿತ್ತು. ಎರಡನ್ನೂ ಹೋಲಿಸಿ ನೋಡಿದ ಅವರು, ಶವಪರೀಕ್ಷೆ ಮಾಡಿದ ಕೈಗಳೇ ರೋಗವನ್ನು ತರುತ್ತಿವೆ ಎಂದು ಕಂಡುಕೊಂಡರು. 1847ರ ಮೇ ತಿಂಗಳಲ್ಲಿ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದರು. ಏಪ್ರಿಲ್‌ನಲ್ಲಿ ಶೇಕಡಾ 18ರಷ್ಟಿದ್ದ ಸಾವು ಮುಂದಿನ ತಿಂಗಳುಗಳಲ್ಲಿ ಶೇಕಡಾ 2ರ ಆಸುಪಾಸಿಗೆ ಇಳಿಯಿತು. ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಕೇ? ಆದರೂ ಅವರ ಕಾಲದ ವೈದ್ಯಲೋಕದ ಬಹುಭಾಗ ಒಪ್ಪಲಿಲ್ಲ. ಕಾರಣಗಳು ಹಲವು, ರೋಗಾಣುಗಳ ತಿಳಿವಳಿಕೆ ಆಗಿನ್ನೂ ಬಂದಿರಲಿಲ್ಲ. ಜೊತೆಗೆ ಇವೆರಡೂ ಸೇರಿಕೊಂಡವು: ತಮ್ಮ ವಾದವನ್ನು ಪೂರ್ಣವಾಗಿ ಪುಸ್ತಕರೂಪದಲ್ಲಿ ತರಲು ಅವರು 1861ರವರೆಗೆ ತಡಮಾಡಿದರು, ಆಮೇಲೆ ಒಪ್ಪದ ವೈದ್ಯರನ್ನು ಬಹಿರಂಗ ಪತ್ರಗಳಲ್ಲಿ ಕೊಲೆಗಾರರೆಂದು ಕರೆದರು. ಎಣಿಸುವುದನ್ನು ಬಲ್ಲವರು ಒಪ್ಪಿಸುವುದನ್ನೂ ಬಲ್ಲವರಾಗಿರಬೇಕೆಂದಿಲ್ಲ.

ಹಾಗಾಗಿ ತಪ್ಪನ್ನು ವ್ಯಕ್ತಿಯ ಮೇಲೆ ಹೊರಿಸದೆ ಸಂದರ್ಭದ ಮೇಲೆ ಇಡಿ. "ನಮೂನೆಯನ್ನು ಬೇಜವಾಬ್ದಾರಿಯಿಂದ ವಿನ್ಯಾಸ ಮಾಡಲಾಗಿದೆ" ಎಂಬ ಸಾಲನ್ನು ಹೀಗೆ ಬದಲಿಸಿ: "ಹೊಸ ಪ್ರಶ್ನೆಗಳನ್ನು ಸೇರಿಸಬೇಕಾಗಿ ಬಂದಾಗ ಸಹಿಯ ಜಾಗ ಹಿಂಬದಿಗೆ ಸರಿಯಿತು." ಎರಡೂ ನಿಜವನ್ನೇ ಹೇಳುತ್ತವೆ. ಎರಡನೆಯದನ್ನು ಓದಿದವರು ತಲೆಯೆತ್ತಿಕೊಂಡೇ ಒಪ್ಪಬಹುದು. ಒಂದನೆಯ ಕೌಂಟರಿನವರನ್ನೂ ಹೀಗೆಯೇ ಕಾಪಾಡಿ: ಅವರು ತಪ್ಪು ಮಾಡಿದರು ಎನ್ನಬೇಡಿ, ಎರಡನೆಯ ಕೌಂಟರಿನ ಒಳ್ಳೆಯ ರೂಢಿಯನ್ನು ಎರಡೂ ಕಡೆಗೆ ವಿಸ್ತರಿಸೋಣ ಎನ್ನಿ.

ಎಂಟನೆಯ ಹಂತ: ಈಗ ಬರೆಯಿರಿ

ಹೌದು, ಬರವಣಿಗೆ ಆರಂಭವಾಗುವುದು ಇಷ್ಟೆಲ್ಲ ಆದ ಮೇಲೆ. ಸಾಮಾನ್ಯವಾಗಿ ಒಪ್ಪುವ ಕ್ರಮ ಇದು: ವಿಷಯ, ಸಾರಾಂಶ ಮತ್ತು ಕೋರಿಕೆ, ಸಮಸ್ಯೆ, ಕಾರಣ, ಪರಿಶೀಲಿಸಿದ ದಾರಿಗಳು, ಶಿಫಾರಸು, ವೆಚ್ಚ ಮತ್ತು ವೇಳಾಪಟ್ಟಿ, ಮಿತಿಗಳು, ಅನುಬಂಧ. ನಿಮ್ಮ ಸಂಸ್ಥೆಗೆ ಅದರದೇ ನಮೂನೆ ಇದ್ದರೆ ತಕರಾರಿಲ್ಲದೆ ಅದನ್ನೇ ಬಳಸಿ.

ಕೋರಿಕೆ ಮೊದಲ ಪುಟದಲ್ಲಿಯೇ ಬರಬೇಕು. ಪೀಠಿಕೆ, ಹಿನ್ನೆಲೆ, ಸಂಸ್ಥೆಯ ಉಜ್ವಲ ಇತಿಹಾಸ ಎಲ್ಲ ಮುಗಿಸಿ ಐದನೆಯ ಪುಟದಲ್ಲಿ ಏನು ಬೇಕೆಂದು ಹೇಳುವುದು ಬರೆಯುವವರಿಗೆ ಸೌಜನ್ಯವೆನಿಸುತ್ತದೆ, ಓದುವವರಿಗೆ ಹಿಂಸೆ. ಇಂಥ ಆರಂಭಗಳನ್ನು ನೀವೂ ನೋಡಿರುತ್ತೀರಿ:

"ಇಂದಿನ ವೇಗದ ಯುಗದಲ್ಲಿ ಗುಣಮಟ್ಟದ ಸೇವೆ ಅತ್ಯಂತ ಮಹತ್ವದ್ದಾಗಿದೆ. ಈ ನಿಟ್ಟಿನಲ್ಲಿ ಅರ್ಜಿ ಸ್ವೀಕಾರ ವ್ಯವಸ್ಥೆಯನ್ನು ಉನ್ನತೀಕರಿಸುವ ಬಗ್ಗೆ ಸೂಕ್ತ ಕ್ರಮ ವಹಿಸಬೇಕಾಗಿ ಕೋರಲಾಗಿದೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿದೆ. ಯಾರು, ಏನು, ಯಾವಾಗ ಮಾಡಬೇಕು ಎಂಬುದು ಎಲ್ಲಿಯೂ ಇಲ್ಲ. ಸಹಿ ಹಾಕಬೇಕೆಂದರೂ ಯಾವುದಕ್ಕೆ ಹಾಕುವುದು? ಅದೇ ವಿಷಯ ಹೀಗಿರಬಹುದು:

"ಕಳೆದ ನಾಲ್ಕು ವಾರಗಳಲ್ಲಿ ಸ್ವೀಕರಿಸಿದ 400 ಅರ್ಜಿಗಳಲ್ಲಿ 120 ವಾಪಸಾಗಿವೆ. ಮರುಕೆಲಸಕ್ಕೆ ಸುಮಾರು 40 ಗಂಟೆ ಹಿಡಿದಿದೆ. ಇವುಗಳಲ್ಲಿ 74 ಅರ್ಜಿಗಳಿಗೆ ಇದ್ದ ಕೊರತೆ ಸಹಿ ಮಾತ್ರ. ಅರ್ಜಿ ಪಡೆಯುವಾಗಲೇ ಹಿಂಬದಿಯನ್ನು ನೋಡುವ ಎರಡನೆಯ ಕೌಂಟರಿನಲ್ಲಿ ಇಂಥವು ನಾಲ್ಕೇ. ಮುಂದಿನ ಸೋಮವಾರದಿಂದ ಎರಡು ವಾರ ಒಂದನೆಯ ಕೌಂಟರಿನಲ್ಲಿಯೂ ಈ ಪದ್ಧತಿ ಜಾರಿ ಮಾಡಲು ಮತ್ತು ಹಾಲಿ ನಮೂನೆಗಳ ಮೇಲೆ 'ಹಿಂಬದಿಯಲ್ಲಿ ಸಹಿ ಮಾಡಿ' ಎಂಬ ಮೊಹರು ಒತ್ತಲು ಅನುಮತಿ ಕೋರುತ್ತೇನೆ. ವೆಚ್ಚ: ಒಂದು ರಬ್ಬರ್ ಮೊಹರು. ವಾಪಸಾಗುವ ಪ್ರಮಾಣ ಶೇಕಡಾ 15ಕ್ಕಿಂತ ಕೆಳಗಿಳಿದರೆ ಮಾತ್ರ ಹೊಸ ನಮೂನೆಯ ಮುದ್ರಣದ ಪ್ರಸ್ತಾವನೆ ಸಲ್ಲಿಸುತ್ತೇನೆ."

ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಪ್ರಯೋಗ ಸೋತರೆ ಏನಾಗುತ್ತದೆ ಎಂಬುದು ಅದರಲ್ಲಿದೆ: ಏನೂ ಆಗುವುದಿಲ್ಲ, ಹಳೆಯದಕ್ಕೆ ಮರಳುತ್ತೇವೆ. ಹಿಂದಿರುಗುವ ದಾರಿ ಕಂಡಾಗ ಸಹಿ ಹಾಕುವ ಕೈ ಹಗುರಾಗುತ್ತದೆ.

ಅಂಕಿಗಳೆಲ್ಲವನ್ನೂ ಪಠ್ಯಕ್ಕೆ ತುರುಕಬೇಡಿ. ಎರಡು ಕೌಂಟರುಗಳನ್ನು ಅಕ್ಕಪಕ್ಕದಲ್ಲಿಟ್ಟ ಪುಟ್ಟ ಕೋಷ್ಟಕವೊಂದನ್ನು ಮುಖ್ಯ ಭಾಗದಲ್ಲಿಡಿ, ಉಳಿದದ್ದು ಅನುಬಂಧಕ್ಕೆ ಹೋಗಲಿ. ಅಂಕಿಗಳ ನಡುವೆ ಒಬ್ಬ ಮನುಷ್ಯನೂ ಇರಲಿ. ಒಂದು ಸಹಿಗಾಗಿ ಮೂರು ಸಲ ಬಂದುಹೋದ ಅರ್ಜಿದಾರರೊಬ್ಬರ ವಿಷಯವನ್ನು ಹೆಸರು ಹೇಳದೆ ಎರಡು ಸಾಲಿನಲ್ಲಿ ಬರೆಯಿರಿ. ನಡೆದದ್ದನ್ನೇ ಬರೆಯಿರಿ, ಕಣ್ಣೀರು ಬೆರೆಸಬೇಡಿ.

ಒಂಬತ್ತನೆಯ ಹಂತ: ಕತ್ತರಿ

ಒಂದು ರಾತ್ರಿ ಬಿಟ್ಟು ಓದಿ. "ಅತ್ಯಂತ", "ಸಮಗ್ರ", "ಈ ನಿಟ್ಟಿನಲ್ಲಿ", "ಸೂಕ್ತ ಕ್ರಮ" ಇವು ಬಂದಲ್ಲೆಲ್ಲ ಕೆಂಪು ಗೆರೆ ಎಳೆಯಿರಿ. "ಮಾಡಲಾಗುವುದು" ಎಂಬ ಕ್ರಿಯಾಪದ ಕಂಡರೆ ಮಾಡುವವರು ಯಾರೆಂದು ಕೇಳಿ. ಆಮೇಲೆ ವಿಷಯದ ಗಂಧಗಾಳಿ ಇಲ್ಲದ ಒಬ್ಬರಿಗೆ ಮೊದಲ ಪುಟ ಮಾತ್ರ ಕೊಟ್ಟು, ಓದಿದ ಮೇಲೆ ಹಾಳೆ ಕಿತ್ತುಕೊಂಡು, "ನಾನು ಏನು ಕೇಳುತ್ತಿದ್ದೇನೆ?" ಎಂದು ಕೇಳಿ. ಅವರು ತಡವರಿಸಿದರೆ ತಪ್ಪು ಅವರದಲ್ಲ. ಕೂಡಿಸಿದ ಅಂಕಿಗಳನ್ನು ಇನ್ನೊಬ್ಬರಿಂದ ಮರುಲೆಕ್ಕ ಮಾಡಿಸಿ. 95 ಮತ್ತು 25 ಸೇರಿದರೆ 120 ಆಗದಿದ್ದ ಪಕ್ಷದಲ್ಲಿ ನಿಮ್ಮ ಉಳಿದ ವಾದವೂ ಅಲ್ಲಿಗೇ ಮುಗಿಯುತ್ತದೆ.

ಹತ್ತನೆಯ ಹಂತ: ಸಲ್ಲಿಸುವ ಮುನ್ನ, ಸಲ್ಲಿಸಿದ ಮೇಲೆ

ಔಪಚಾರಿಕವಾಗಿ ಕೊಡುವ ಮೊದಲು ಮುದ್ರಣ ವಿಭಾಗದವರಿಗೂ ಕೌಂಟರಿನ ಇಬ್ಬರಿಗೂ ಕರಡನ್ನು ತೋರಿಸಿ. ತಮ್ಮ ಕೆಲಸದ ಬಗೆಗಿನ ಕಾಗದವನ್ನು ಸಭೆಯಲ್ಲಿ ಮೊದಲ ಬಾರಿಗೆ ನೋಡಿದವರು ಅದನ್ನು ವಿರೋಧಿಸದೆ ಇರುವುದು ಕಷ್ಟ. ಅವರು ಸೂಚಿಸಿದ ತಿದ್ದುಪಡಿ ಸ್ವಲ್ಪ ಸೊಟ್ಟಗಿದ್ದರೂ, ಕೆಡುಕಾಗದಿದ್ದರೆ ಸೇರಿಸಿಕೊಳ್ಳಿ. ಎರಡನೆಯ ಕೌಂಟರಿನವರ ರೂಢಿಯಿಂದ ಈ ಪರಿಹಾರ ಹೊಳೆಯಿತು ಎಂದು ಪ್ರಸ್ತಾವನೆಯಲ್ಲಿ ಬರೆಯಲು ಮರೆಯಬೇಡಿ. ಅದು ನಿಜ, ಮತ್ತು ಅವರಿಗೆ ಸಲ್ಲಬೇಕಾದದ್ದು.

ಸಲ್ಲಿಸಿದ ಮೇಲೆ ಒಂದು ವಾರ ಬಿಟ್ಟು ವಿಚಾರಿಸಿ. "ನೋಡಿದಿರಾ?" ಎಂದು ಕೇಳಿದರೆ "ನೋಡುತ್ತೇನೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. "ಮುಂದಿನ ಸೋಮವಾರ ಆರಂಭಿಸಬೇಕಾದರೆ ಗುರುವಾರದೊಳಗೆ ಮೊಹರು ಮಾಡಿಸಬೇಕು, ಮಾಡಿಸಲೇ?" ಎಂದು ಕೇಳಿ. ಬಾಯಿಮಾತಿನಲ್ಲಿ ಒಪ್ಪಿಗೆ ಸಿಕ್ಕರೆ ಅದೇ ದಿನ ಎರಡು ಸಾಲಿನ ಇಮೇಲ್‌ನಲ್ಲಿ ಅದನ್ನು ದಾಖಲಿಸಿ. "ಬೇಡ" ಎಂದರೆ ಯಾವ ಭಾಗ ಬೇಡ ಎಂದು ಕೇಳಿ ತಿಳಿದುಕೊಳ್ಳಿ: ಸಮಸ್ಯೆ ನಂಬಲಿಲ್ಲವೋ, ಪರಿಹಾರ ಹಿಡಿಸಲಿಲ್ಲವೋ, ಹೊತ್ತು ಸರಿಯಿಲ್ಲವೋ. ಮೂರಕ್ಕೂ ಮುಂದಿನ ಕೆಲಸ ಬೇರೆ ಬೇರೆ. ಎಣಿಕೆಯನ್ನಂತೂ ನಿಲ್ಲಿಸಬೇಡಿ, ಮುಂದಿನ ತಿಂಗಳ ಅಂಕಿ ನಿಮ್ಮ ಪರವಾಗಿ ಮಾತನಾಡಬಹುದು.

ಬರ್ನರ್ಸ್-ಲೀ ಅವರ ಕಾಗದ 1989ರಲ್ಲಿ ಹಾಗೆಯೇ ಉಳಿಯಿತು. ಅವರು ಅದನ್ನು ಪರಿಷ್ಕರಿಸಿ 1990ರ ಮೇ ತಿಂಗಳಲ್ಲಿ ಮತ್ತೆ ಹಂಚಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಸೆಂಡಾಲ್ ಕೊಟ್ಟದ್ದು ಭಾರಿ ಯೋಜನೆಯ ಮಂಜೂರಾತಿಯಲ್ಲ, ನೆಕ್ಸ್ಟ್ ಎಂಬ ಕಂಪನಿಯ ಒಂದು ಕಂಪ್ಯೂಟರ್ ಕೊಳ್ಳುವ ಅನುಮತಿ. ವರ್ಷ ಮುಗಿಯುವಷ್ಟರಲ್ಲಿ ಜಗತ್ತಿನ ಮೊದಲ ವೆಬ್ ಸರ್ವರ್ ಅದೇ ಯಂತ್ರದ ಮೇಲೆ ಓಡುತ್ತಿತ್ತು. ಯಾರೂ ಅರಿಯದೆ ಆರಿಸಿಬಿಟ್ಟಾರು ಎಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದ ಚೀಟಿಯೊಂದನ್ನು ಅಂಟಿಸಿದ್ದರು: ಈ ಯಂತ್ರ ಸರ್ವರ್, ಇದನ್ನು ಆಫ್ ಮಾಡಬೇಡಿ.